ಹಾಲು ಬಿಟ್ಟವರು ಇನ್ನೇನು ಬಿಡಬೇಕು?

ಪ್ರಶ್ನೆ: ಮೇಡಂ, ನಾನು ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರವಳು. ವಯಸ್ಸು 29, ತೂಕ 52 ಕೆ.ಜಿ., ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಹುಟ್ಟಿದಂದಿನಿಂದ ಸಸ್ಯಾಹಾರಿ. ನಮ್ಮ ಮನೆಯಲ್ಲಿ ಎರಡು ಸೀಮೆಹಸುಗಳಿದ್ದು, ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತೇವೆ. ಗಂಡುಕರು ಹುಟ್ಟಿದರೆ ಮಾರಿಬಿಡುವುದನ್ನು ನೋಡಲಾಗದೆ ಎರಡು ತಿಂಗಳಿಂದ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪ ಎಲ್ಲವನ್ನೂ ಬಿಟ್ಟಿದ್ದೇನೆ. ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯೊಂದರ ಪ್ರಕಾರ ಹೊಸದಾಗಿ ವೀಗನ್ (ಪ್ರಾಣಿಗಳಿಂದ ಬರುವ ಏನನ್ನೂ ತಿನ್ನದವರು) ಆದವರು ಸೋಯಾ, ಕಡಲೆಕಾಯಿ, ಹುರುಳಿ, ಅವರೆ ಮತ್ತು ಪುಡಿ ಉಪ್ಪನ್ನು ಬಿಡಬೇಕಂತೆ. ಥೈರಾಯ್ಡ್ ಇರುವವರು ರಾಗಿಯನ್ನೂ ಬಿಡಬೇಕಂತೆ. ಹಾಗೆಯೇ ಮಾಡುತ್ತಿದ್ದೇನೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ (50 ಮೈಕ್ರೋಗ್ರಾಂ) ನುಂಗಿ, ಹಸಿ ಪಾಲಕ್ ರಸ ಕುಡಿದು, ಒಂದು ಬಟ್ಟಲು ಹಸಿ ಮೊಳಕೆ ಹೆಸರುಕಾಳು ತಿನ್ನುತ್ತೇನೆ. ಮಧ್ಯಾಹ್ನ ಅನ್ನ, ತಿಳಿಸಾರು. ದಿನಕ್ಕೆ ನಾಲ್ಕೈದು ಸಲ ಹಾಲಿಲ್ಲದ ಟೀ, ಜೊತೆಗೆ ಬಿಸ್ಕತ್ತು. ಅಡುಗೆಗೆ ಸೈಂಧವ ಲವಣ. ಈಗ ವಿಪರೀತ ಸುಸ್ತು, ಹೊಟ್ಟೆಯುಬ್ಬರ, ಹಿಮೋಗ್ಲೋಬಿನ್ 10.4 ಬಂದಿದೆ. ಮಗು ಆಗಲಿ ಎಂದುಕೊಂಡಿರುವ ಸಮಯದಲ್ಲಿ ಹಾಲು ಬಿಟ್ಟೆನೆಂದು ಅತ್ತೆಯವರಿಗೆ ಬೇಸರ. ಇನ್ನೂ ಯಾವ ಆಹಾರಗಳನ್ನು ಬಿಡಬೇಕು? ಬಿ12 ಜೀವಸತ್ವಕ್ಕೆ ಸ್ಪಿರುಲಿನಾ (ಒಂದು ಬಗೆಯ ನೀಲಿ-ಹಸಿರು ಪಾಚಿ) ಪುಡಿ ಸಾಕೇ?

ಉತ್ತರ: ನೀವು ಕೇಳಿರುವುದು ಇನ್ನೂ ಏನನ್ನು ಬಿಡಬೇಕೆಂದು. ನಿಮ್ಮ ದಿನಚರಿಯನ್ನು ಓದಿದ ಮೇಲೆ ನನಗೆ ಚಿಂತೆ ಹುಟ್ಟಿಸಿರುವುದು ನೀವು ಈಗಾಗಲೇ ಬಿಟ್ಟಿರುವ ಪದಾರ್ಥಗಳು. ಹಾಲನ್ನು ಬಿಟ್ಟದ್ದರಿಂದ ತಟ್ಟೆಯಲ್ಲಿ ತೆರವಾದ ಜಾಗವನ್ನು ಹುರುಳಿ, ಅವರೆ, ಕಡಲೆಕಾಯಿ, ರಾಗಿಗಳೇ ತುಂಬಬೇಕಿತ್ತು. ಆ ಪಟ್ಟಿ ಅವುಗಳನ್ನೇ ಹೊರಗೆ ಕಳುಹಿಸಿ, ಅಲ್ಲಿ ಟೀ, ಬಿಸ್ಕತ್ತು ಮತ್ತು ತಿಳಿಸಾರನ್ನು ತಂದು ಕೂರಿಸಿದೆ. ಆದ್ದರಿಂದ ಮೊದಲು ನೇರ ಉತ್ತರ: ಊಟ-ತಿಂಡಿಯ ಜೊತೆಗಿನ ಟೀ, ಪಾಲಕ್ ರಸ, ಹಸಿ ಮೊಳಕೆಕಾಳು, ಬೇಕರಿ ತಿನಿಸು ಮತ್ತು ಸೈಂಧವ ಲವಣ, ಇವಿಷ್ಟನ್ನು ಇಂದೇ ನಿಲ್ಲಿಸಿ. ಸ್ಪಿರುಲಿನಾವನ್ನು ಬಿ12 ಎಂದು ನಂಬುವುದನ್ನೂ ನಿಲ್ಲಿಸಿ. ಪಟ್ಟಿ ಬೇಡವೆಂದ ಕಾಳುಗಳನ್ನೂ ರಾಗಿಯನ್ನೂ ಮತ್ತೆ ಮನೆಯೊಳಕ್ಕೆ ಕರೆದುಕೊಳ್ಳಿ. ಉಳಿದದ್ದೆಲ್ಲ ಇದರ ವಿವರಣೆ.

ನಿಮ್ಮ ಹಿಮೋಗ್ಲೋಬಿನ್ ವಿಷಯವನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮನೆಯಲ್ಲಿ ನಡೆಯುತ್ತಿರುವ ವಾದದ ಬೇರು ಅಲ್ಲಿದೆ ಎಂದು ತೋರುತ್ತದೆ. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಈ ಅಂಶ 100 ಮಿ.ಲೀ. ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ; 10.4 ಎಂಬುದು ಮಧ್ಯಮ ತೀವ್ರತೆಯದು. ಆದರೆ ಇದಕ್ಕೆ ಎರಡು ತಿಂಗಳ ಹಿಂದೆ ಹಾಲು ಬಿಟ್ಟದ್ದು ಕಾರಣವಾಗಿರಲಾರದು. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಅಲ್ಪ. ಸಾಲದೆಂಬಂತೆ, ಊಟದ ಜೊತೆ ಹೆಚ್ಚು ಹಾಲು-ಮೊಸರು ಸೇವಿಸಿದರೆ ಅದರಲ್ಲಿರುವ ಕ್ಯಾಲ್ಸಿಯಂ ಕಬ್ಬಿಣಾಂಶದ ಹೀರಿಕೆಗೆ ತುಸು ಅಡ್ಡಿಯನ್ನೇ ಮಾಡುತ್ತದೆ. ನಿಮ್ಮ ಕಬ್ಬಿಣದ ಕೊರತೆ ಬಹುಶಃ ಹಾಲು ಕುಡಿಯುತ್ತಿದ್ದಾಗಲೇ ಇತ್ತು. ಹಾಲು ನಿಮಗೆ ಕೊಡುತ್ತಿದ್ದದ್ದು ಬೇರೆ: ಅರ್ಧ ಲೀಟರಿನಲ್ಲಿ ಸುಮಾರು 600 ಮಿಲಿಗ್ರಾಂ ಕ್ಯಾಲ್ಸಿಯಂ, 16 ಗ್ರಾಂನಷ್ಟು ಪ್ರೋಟೀನ್, ಸ್ವಲ್ಪ ಅಯೋಡಿನ್, ಮತ್ತು ಸಸ್ಯಾಹಾರಿಗಳಿಗೆ ಬೇರೆಲ್ಲಿಯೂ ಸಿಗದ ಬಿ12 ಜೀವಸತ್ವ. ಅತ್ತೆಯವರ ಆತಂಕವನ್ನು ಪೂರ್ತಿ ತಳ್ಳಿಹಾಕಬೇಡಿ. ಅವರು ತೋರಿಸುತ್ತಿರುವ ಕಾರಣ ತಪ್ಪಿರಬಹುದು, ಆತಂಕ ತಪ್ಪಲ್ಲ.

ರಕ್ತಹೀನತೆಯನ್ನು ಈ ಎರಡು ತಿಂಗಳಲ್ಲಿ ಹೆಚ್ಚಿಸಿರಬಹುದಾದದ್ದು ನಿಮ್ಮ ಟೀ. ಕಾಳು, ಸೊಪ್ಪು, ಧಾನ್ಯಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದೇ ಕಡಿಮೆ. ಟೀಯಲ್ಲಿರುವ ಟ್ಯಾನಿನ್ ಮತ್ತು ಅಂಥದೇ ಇತರ ಪದಾರ್ಥಗಳು ಅದನ್ನು ಹಿಡಿದಿಟ್ಟು, ಸಿಗುವುದರಲ್ಲೂ ಅರ್ಧಕ್ಕಿಂತ ಹೆಚ್ಚನ್ನು ತಪ್ಪಿಸಬಲ್ಲವು. ಪೂರ್ತಿ ಬಿಡಲಾಗದಿದ್ದರೆ ದಿನಕ್ಕೆ ಎರಡು ಲೋಟಕ್ಕೆ ಇಳಿಸಿ, ಅದೂ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದೂವರೆ ಗಂಟೆಯ ನಂತರ ಇರಲಿ. ಇದಕ್ಕೆ ಪ್ರತಿಯಾಗಿ ಸಿ ಜೀವಸತ್ವವು ಕಬ್ಬಿಣಾಂಶದ ಹೀರಿಕೆಯನ್ನು ಹೆಚ್ಚಿಸುತ್ತದೆ. ಸಾರು ಕುದಿಯುವಾಗ ಹಾಕಿದ ಹುಣಸೆಹುಳಿಗಿಂತ, ತಟ್ಟೆಗೆ ಬಡಿಸಿದ ಮೇಲೆ ಹಿಂಡಿದ ಅರ್ಧ ನಿಂಬೆಹಣ್ಣು, ಒಂದು ನೆಲ್ಲಿಕಾಯಿ, ಊಟದ ಕೊನೆಗೆ ಒಂದು ಸೀಬೆಹಣ್ಣು ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಬೆಲ್ಲದಿಂದ ರಕ್ತ ಹೆಚ್ಚುತ್ತದೆಂದು ಅಚ್ಚು ಬೆಲ್ಲ ಚಪ್ಪರಿಸುವವರನ್ನು ಬಹಳ ನೋಡಿದ್ದೇನೆ. ಅದರಿಂದ ಸಿಗುವ ಕಬ್ಬಿಣಾಂಶ ಗಣನೆಗೆ ಬಾರದಷ್ಟು, ಸಿಗುವ ಸಕ್ಕರೆ ಧಾರಾಳ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ, ತುಮಕೂರು ಜಿಲ್ಲೆಯ ಪಾವಗಡದ ಕಡೆಯಲ್ಲಿಯೂ, ಟೀ ಕಡಿಮೆ ಮಾಡಲು ಇನ್ನೊಂದು ಕಾರಣವಿದೆ. ಇಲ್ಲಿನ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಯನ್ನು ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಅಪೇಕ್ಷಣೀಯ. ಬೇರೆ ನೀರಿಲ್ಲದಿದ್ದಾಗ 1.5ರವರೆಗೆ ಒಪ್ಪಬಹುದು. ಟೀ ಸೊಪ್ಪೇ ಫ್ಲೋರೈಡನ್ನು ಶೇಖರಿಸಿಕೊಳ್ಳುವ ಗಿಡದ್ದು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದವರಲ್ಲಿ ಫ್ಲೋರೈಡ್ ಮೂಳೆಗಳಿಗೆ ಮಾಡುವ ಹಾನಿ ಹೆಚ್ಚು. ಹಾಲು ಬಿಟ್ಟು, ಕ್ಯಾಲ್ಸಿಯಂಗೆ ಬದಲಿ ವ್ಯವಸ್ಥೆ ಮಾಡಿಕೊಳ್ಳದೆ, ಕೊಳವೆಬಾವಿ ನೀರಿನಲ್ಲಿ ಕಡುಟೀ ಕಾಯಿಸಿ ಕುಡಿಯುವುದು ಬೇರೆ ಊರಿನವರಿಗಿಂತ ನಮಗೆ ಹೆಚ್ಚು ದುಬಾರಿ. ನಿಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ನಡೆಯುತ್ತಿದ್ದರೆ ಕುಡಿಯಲು ಮಾತ್ರವಲ್ಲದೆ ಅಡುಗೆಗೂ ಅದೇ ನೀರನ್ನು ಬಳಸಿ. ಕಾಯಿಸಿದ ಮಾತ್ರಕ್ಕೆ ಫ್ಲೋರೈಡ್ ಹೋಗುವುದಿಲ್ಲ.

ಕ್ಯಾಲ್ಸಿಯಂ ಎಂದ ಮೇಲೆ ರಾಗಿಗೆ ಬರಲೇಬೇಕು. ಥೈರಾಯ್ಡ್ ಇರುವವರು ರಾಗಿ ತಿನ್ನಬಾರದೆಂಬ ಮಾತು ಈಚೆಗೆ ಬಹಳ ಹರಡಿದೆ. ಕೆಲವು ಸಿರಿಧಾನ್ಯಗಳಲ್ಲಿ, ಮುಖ್ಯವಾಗಿ ಸಜ್ಜೆಯಲ್ಲಿ, ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಪಡಿಸಬಲ್ಲ ಅಂಶಗಳಿವೆ ಎಂಬುದು ನಿಜ. ಅಯೋಡಿನ್ ಕೊರತೆಯಿರುವವರು ಅದನ್ನೇ ಮೂರು ಹೊತ್ತೂ ಉಂಡಾಗ ತೊಂದರೆಯ ಸಾಧ್ಯತೆ ಇರುತ್ತದೆ. ಅಯೋಡಿನ್ ಉಪ್ಪು ಬಳಸಿಕೊಂಡು, ವೈದ್ಯರು ಬರೆದ ಮಾತ್ರೆಯನ್ನು ಸರಿಯಾಗಿ ನುಂಗುತ್ತಿರುವವರು ದಿನಕ್ಕೊಂದು ಹೊತ್ತು ಮುದ್ದೆ ಉಣ್ಣುವುದಕ್ಕೆ ಹೆದರಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಿಮ್ಮ ದಿನದ ಅಗತ್ಯ 1,000 ಮಿಲಿಗ್ರಾಂ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶದಿಂದಾಗಿ ಅಷ್ಟೂ ದೇಹಕ್ಕೆ ದಕ್ಕುವುದಿಲ್ಲವಾದ್ದರಿಂದ, ವಾರಕ್ಕೆ ಕೆಲವು ದಿನವಾದರೂ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಅಂಬಲಿ ಮಾಡಿಕೊಳ್ಳಿ. ಮಜ್ಜಿಗೆಯ ಬದಲು ನಿಂಬೆರಸ, ಈರುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿದರೆ ರುಚಿಗೇನೂ ಕೊರತೆಯಿಲ್ಲ. ಇದರ ಜೊತೆಗೆ ಸಿಪ್ಪೆ ತೆಗೆಯದ ಎಳ್ಳು ದಿನಕ್ಕೆರಡು ಚಮಚ, ಮುದ್ದೆ-ಉಪ್ಪುಸಾರಿನ ಜೊತೆ ಹುಚ್ಚೆಳ್ಳಿನ ಪುಡಿ, ವಾರಕ್ಕೆ ಮೂರು ಸಲ ನುಗ್ಗೆಸೊಪ್ಪು ಸೇರಲಿ.

ಪಾಲಕ್ ರಸವನ್ನು ನಿಲ್ಲಿಸಿ ಎಂದೆನಲ್ಲ. ಸೊಪ್ಪಿನ ಮೇಲೆ ನನಗೆ ದ್ವೇಷವಿಲ್ಲ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ಕಟ್ಟಿಹಾಕಿರುವುದರಿಂದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟೇ ದೇಹಕ್ಕೆ ಸಿಗುತ್ತದೆ. ಹಸಿ ಸೊಪ್ಪಿನ ರಸದಲ್ಲಿ ಈ ಆಕ್ಸಲೇಟ್ ಪೂರ್ತಿಯಾಗಿ ಹೊಟ್ಟೆಗೆ ಹೋಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಾದಾಗ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವ ಹೆಚ್ಚುತ್ತದೆ. ಬೇಸಿಗೆಯಲ್ಲಿ ನೀರು ಕುಡಿಯುವುದೂ ಕಡಿಮೆಯಾದರೆ ಕೇಳುವುದೇ ಬೇಡ. ನಿಮ್ಮ ಸೀಮೆಯ ಬೆರಕೆಸೊಪ್ಪಿನ ಮಸ್ಸೊಪ್ಪು ಇದಕ್ಕಿಂತ ಎಲ್ಲ ವಿಧದಲ್ಲೂ ಮೇಲು: ಹಲವು ಸೊಪ್ಪುಗಳು ಬೆರೆಯುತ್ತವೆ, ಬೇಯುತ್ತವೆ, ಬೇಳೆಯೂ ಜೊತೆಗಿರುತ್ತದೆ.

ಕಾಳುಗಳನ್ನು ಬಿಡಲು ಹೇಳಿದವರು ಬಹುಶಃ ಹೊಟ್ಟೆಯುಬ್ಬರವನ್ನು ಕಂಡು ಹೇಳಿರಬೇಕು. ಕಾಳಿನಲ್ಲಿರುವ ಕೆಲವು ಬಗೆಯ ಸಕ್ಕರೆಗಳನ್ನು ನಮ್ಮ ಸಣ್ಣಕರುಳು ಜೀರ್ಣಿಸಲಾರದು. ಅವು ದೊಡ್ಡಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ವಾಯುವಾಗುತ್ತದೆ. ಬೇಯಿಸದ ಮೊಳಕೆಕಾಳನ್ನು ಖಾಲಿ ಹೊಟ್ಟೆಗೆ ಬಟ್ಟಲು ತುಂಬ ತಿಂದರೆ ಆಗುವುದು ಇದೇ. ಅಲ್ಲದೆ ಕಾಳು ಮೊಳೆಯುವ ಬೆಚ್ಚನೆಯ ತೇವ ರೋಗಾಣುಗಳಿಗೂ ಹಿತವಾದದ್ದರಿಂದ, ಗರ್ಭಿಣಿಯಾಗಲು ಬಯಸುವವರು ಹಸಿ ಮೊಳಕೆಯನ್ನು ತಿನ್ನದಿರುವುದೇ ಕ್ಷೇಮ, ಆವಿಯಲ್ಲಿ ಬೇಯಿಸಿಕೊಳ್ಳಿ. ಮೊದಲ ಎರಡು ಮೂರು ವಾರ ಹೆಸರುಬೇಳೆ, ತೊಗರಿಬೇಳೆಗಳಿಂದ ಆರಂಭಿಸಿ, ಆಮೇಲೆ ಹುರುಳಿ, ಅಲಸಂದೆ, ಕಡಲೆಕಾಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋದರೆ ಕರುಳು ಹೊಂದಿಕೊಳ್ಳುತ್ತದೆ. ರಾತ್ರಿ ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಬೇಕು. ರಾಜ್ಮಾವನ್ನಂತೂ ಅರೆಬೆಂದ ಸ್ಥಿತಿಯಲ್ಲಿ ತಿನ್ನಲೇಬಾರದು; ಅದರಲ್ಲಿರುವ ಲೆಕ್ಟಿನ್ ಎಂಬ ಅಂಶ ಚೆನ್ನಾಗಿ ಕುದಿಯದಿದ್ದರೆ ಕೆಲವೇ ಗಂಟೆಗಳಲ್ಲಿ ವಾಂತಿ-ಭೇದಿ ತರಿಸುತ್ತದೆ. ಒಣ ಅವರೆಕಾಳಿಗೂ ನೆನೆಸುವುದು, ಪೂರ್ತಿ ಬೇಯಿಸುವುದು ಕಡ್ಡಾಯ. ಸುಗ್ಗಿಯಲ್ಲಿ ಬರುವ ಹಸಿ ಅವರೆಕಾಯಿಯ ಹಿತುಕಿದ ಬೇಳೆ ಸಾರನ್ನು ಬಿಡಿ ಎಂದು ಚಿಂತಾಮಣಿಯ ಹೆಣ್ಣುಮಗಳಿಗೆ ಹೇಳಿದವರು ಯಾರೋ, ಈ ಕಡೆಯವರಂತೂ ಆಗಿರಲಾರರು.

ಪ್ರೋಟೀನಿನ ಲೆಕ್ಕ ಹೀಗಿದೆ. ನಿಮ್ಮ ತೂಕಕ್ಕೆ ದಿನಕ್ಕೆ ಸುಮಾರು 43 ಗ್ರಾಂ ಬೇಕು. ಅನ್ನ-ತಿಳಿಸಾರಿನಲ್ಲಿ ಅದು ಅರ್ಧಕ್ಕೂ ಮುಟ್ಟುವುದು ಕಷ್ಟ. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂನಷ್ಟು ಪ್ರೋಟೀನ್ ಇದ್ದು, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7 ಗ್ರಾಂ ಸಿಗುತ್ತದೆ. ಅಕ್ಕಿ-ರಾಗಿಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ; ಮುದ್ದೆಗೆ ಹುರುಳಿ ಬಸ್ಸಾರು ಜೊತೆಯಾಗಿರುವುದು ಪೌಷ್ಟಿಕತೆಯ ದೃಷ್ಟಿಯಿಂದಲೂ ಸರಿಯಾದ ಜೋಡಿ. ಕಡಲೆಕಾಯಿಯಲ್ಲಿ ಬಿಡಬೇಕಾದದ್ದು ಮುಗ್ಗಲು ಹಿಡಿದ, ಬಣ್ಣಗೆಟ್ಟ, ಕಹಿಯಾದ ಬೀಜಗಳನ್ನು ಮಾತ್ರ, ಏಕೆಂದರೆ ಅವುಗಳಲ್ಲಿ ಶಿಲೀಂಧ್ರದಿಂದ ಹುಟ್ಟುವ ಅಫ್ಲಾಟಾಕ್ಸಿನ್ ಇದ್ದರೆ ಹುರಿದರೂ ಪೂರ್ತಿ ಹೋಗದು, ಯಕೃತ್ತಿಗೆ ಅಪಾಯ. ಹಾಳಾದದ್ದನ್ನು ಆರಿಸಿ ಎಣ್ಣೆಗೆ ಹಾಕುವ ರೂಢಿಯಿದ್ದರೆ ಅದನ್ನೂ ಬಿಡಿಸಿ.

ಸೋಯಾ ಬಗ್ಗೆ ಇರುವಷ್ಟು ಅಪಪ್ರಚಾರ ಬೇರೆ ಯಾವ ಕಾಳಿನ ಬಗ್ಗೆಯೂ ಇಲ್ಲ. ಅದರಲ್ಲಿರುವ ಐಸೋಫ್ಲೇವೋನ್‌ಗಳ ರಚನೆ ಈಸ್ಟ್ರೋಜೆನ್ ಹಾರ್ಮೋನನ್ನು ಹೋಲುತ್ತದೆ. ಆದರೆ ಊಟದ ಪ್ರಮಾಣದಲ್ಲಿ ತಿಂದಾಗ ಗಂಡಸರ ಹಾರ್ಮೋನುಗಳು ಏರುಪೇರಾಗುವುದಿಲ್ಲ, ಹೆಂಗಸರ ಗರ್ಭಧಾರಣೆಗೂ ಅಡ್ಡಿಯಾಗುವುದಿಲ್ಲ. ವಾರಕ್ಕೆ ಎರಡು ಮೂರು ಸಲ, ಒಣ ತೂಕದಲ್ಲಿ 30 ಗ್ರಾಂನಷ್ಟು ಸೋಯಾ ಚಂಕ್ಸ್ ಪಲ್ಯಕ್ಕೆ ಹಾಕಿಕೊಳ್ಳಬಹುದು. ನೀವು ಎಚ್ಚರ ವಹಿಸಬೇಕಾದದ್ದು ಥೈರಾಯ್ಡ್ ಮಾತ್ರೆಯ ಹೊತ್ತಿನ ಬಗ್ಗೆ. ಸೋಯಾ, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಇವೆಲ್ಲ ಆ ಔಷಧಿಯ ಹೀರಿಕೆಯನ್ನು ತಗ್ಗಿಸುತ್ತವೆ. ಬೆಳಿಗ್ಗೆ ಎದ್ದೊಡನೆ ಬರೀ ನೀರಿನಲ್ಲಿ ನುಂಗಿ, ಒಂದು ಗಂಟೆ ಏನನ್ನೂ ತೆಗೆದುಕೊಳ್ಳಬೇಡಿ, ಟೀಯನ್ನೂ ಕೂಡ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ.

ಉಪ್ಪಿನ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗುತ್ತದೆ. ಪುಡಿ ಉಪ್ಪನ್ನು ವಿಷವೆಂದೂ ಸೈಂಧವ ಲವಣವನ್ನು ಅಮೃತವೆಂದೂ ಹೇಳುವ ಸಲಹೆ, ಹಾಲು ಬಿಟ್ಟ ಥೈರಾಯ್ಡ್ ರೋಗಿಗೆ ಕೊಡಬಹುದಾದ ಅತ್ಯಂತ ಕೆಟ್ಟ ಸಲಹೆಗಳಲ್ಲಿ ಒಂದು. ಸಮುದ್ರದಿಂದ ದೂರದ ನಮ್ಮ ಮೈದಾನದ ಸಸ್ಯಾಹಾರದಲ್ಲಿ ಅಯೋಡಿನ್ ಬಹಳ ಕಡಿಮೆ. ಹಾಲಿನಿಂದ ಬರುತ್ತಿದ್ದದ್ದೂ ನಿಂತ ಮೇಲೆ ಉಳಿಯುವ ಭರವಸೆಯ ಮೂಲ ಅಯೋಡಿನ್ ಬೆರೆಸಿದ ಉಪ್ಪು ಮಾತ್ರ. ದಿನಕ್ಕೆ 150 ಮೈಕ್ರೋಗ್ರಾಂ ಬೇಕಿರುವುದು ಗರ್ಭಿಣಿಯಾದಾಗ 250ಕ್ಕೆ ಏರುತ್ತದೆ, ಏಕೆಂದರೆ ಮಗುವಿನ ಮಿದುಳಿನ ಬೆಳವಣಿಗೆಗೆ ಅದು ಅತ್ಯಗತ್ಯ. ಪೊಟ್ಟಣದ ಮೇಲೆ ಅಯೋಡಿನ್ ಇದೆಯೆಂದು ಬರೆದಿರುವುದನ್ನು ನೋಡಿ ಕೊಂಡು, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಉಪ್ಪಿನಕಾಯಿಗೆ ತಂದ ಕಲ್ಲುಪ್ಪು ಉಪ್ಪಿನಕಾಯಿಗೇ ಇರಲಿ.

ಈಗ ಬಿ12. ಇದೊಂದರಲ್ಲಿ ತಪ್ಪಿದರೆ ಉಳಿದೆಲ್ಲವನ್ನು ಸರಿಯಾಗಿ ಮಾಡಿದರೂ ಪ್ರಯೋಜನವಿಲ್ಲ. ಈ ಜೀವಸತ್ವವನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು. ಪ್ರಾಣಿಗಳ ದೇಹದ ಮೂಲಕ ಅದು ಮಾಂಸ, ಮೊಟ್ಟೆ, ಹಾಲುಗಳಿಗೆ ಬರುತ್ತದೆ, ಗಿಡಗಳಿಗೆ ಬರುವುದಿಲ್ಲ. ಸ್ಪಿರುಲಿನಾದಲ್ಲಿ ಇರುವುದರಲ್ಲಿ ಹೆಚ್ಚಿನದು ಬಿ12ನ್ನು ಹೋಲುವ, ಆದರೆ ಮನುಷ್ಯನ ದೇಹದಲ್ಲಿ ಕೆಲಸ ಮಾಡದ ಪದಾರ್ಥ. ಹುಳಿ ಬಂದ ಇಡ್ಲಿ ಹಿಟ್ಟು, ರಾತ್ರಿಯ ತಂಗಳನ್ನ, ತೊಳೆಯದ ತರಕಾರಿ ಇವುಗಳಿಂದ ಸಿಗುತ್ತದೆಂಬ ಮಾತುಗಳನ್ನೂ ನಂಬಿ ಕೂರಬೇಡಿ. ದೇಹಕ್ಕೆ ಬೇಕಾದದ್ದು ದಿನಕ್ಕೆ ಎರಡರಿಂದ ಎರಡೂವರೆ ಮೈಕ್ರೋಗ್ರಾಂ ಮಾತ್ರ. ಯಕೃತ್ತು ಇದರ ಕಣಜವಿದ್ದಂತೆ. ತುಂಬಿದ್ದರೆ ಎರಡು ಮೂರು ವರ್ಷ ನಡೆಯುತ್ತದೆ. ಆದ್ದರಿಂದಲೇ ವೀಗನ್ ಆದ ಮೊದಲ ವರ್ಷ ಆರಾಮವಾಗಿದ್ದೇನೆ ಎಂದು ಹೇಳುವವರ ಮಾತು ಯಾವುದನ್ನೂ ಸಾಬೀತುಪಡಿಸುವುದಿಲ್ಲ. ಹುಟ್ಟಿನಿಂದ ಸಸ್ಯಾಹಾರಿಯಾದ ನಿಮ್ಮಂಥವರಲ್ಲಿ ಈ ಕಣಜ ಹಾಲು ಬಿಡುವ ಮೊದಲೇ ಬರಿದಾಗಿರುವುದು ನಮ್ಮಲ್ಲಿ ಸಾಮಾನ್ಯ.

ಕೊರತೆ ಬಂದಾಗ ಸುಸ್ತು, ನಾಲಿಗೆ ಉರಿ, ಪಾದಗಳಲ್ಲಿ ಜೋಮು, ಮರೆವು ಕಾಣಿಸಿಕೊಳ್ಳುತ್ತವೆ. ನರಗಳಿಗೆ ಆದ ಹಾನಿ ಬಹಳ ಕಾಲ ಉಳಿದರೆ ಮರಳಿ ಸರಿಹೋಗದಿರಬಹುದು. ಇಲ್ಲೊಂದು ಬಲೆಯಿದೆ. ಬೇಳೆಕಾಳು, ಸೊಪ್ಪು ಹೆಚ್ಚಾಗಿ ತಿನ್ನುವವರಿಗೆ ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವ ಚೆನ್ನಾಗಿ ಸಿಗುತ್ತದೆ, ಮಗು ಬೇಕೆನ್ನುವವರು ಅದರದೇ ರೂಪವಾದ ಫೋಲಿಕ್ ಆಮ್ಲದ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಫೋಲೇಟ್ ರಕ್ತದ ಚಿತ್ರವನ್ನು ಸರಿಮಾಡಿಬಿಡುವುದರಿಂದ ಬಿ12 ಕೊರತೆ ಹೊರಗೆ ಕಾಣದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತದೆ. ಇನ್ನೊಂದು: ಕಬ್ಬಿಣದ ಕೊರತೆಯಲ್ಲಿ ಕೆಂಪುಕಣಗಳು ಚಿಕ್ಕದಾಗುತ್ತವೆ, ಬಿ12 ಕೊರತೆಯಲ್ಲಿ ದೊಡ್ಡದಾಗುತ್ತವೆ, ಎರಡೂ ಒಟ್ಟಿಗಿದ್ದರೆ ಸರಾಸರಿ ಗಾತ್ರ ಸರಿಯಾಗಿಯೇ ಇರುವಂತೆ ವರದಿಯಲ್ಲಿ ಕಾಣಬಹುದು. ಆದ್ದರಿಂದ ಬರೀ ಹಿಮೋಗ್ಲೋಬಿನ್ ನೋಡಿ ಕಬ್ಬಿಣದ ಮಾತ್ರೆ ಶುರುಮಾಡಬೇಡಿ. ಮಾತ್ರೆಗಳನ್ನು ಆರಂಭಿಸುವ ಮೊದಲೇ ಪೂರ್ಣ ರಕ್ತಕಣ ಪರೀಕ್ಷೆ, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ಬಿ12, ಡಿ ಜೀವಸತ್ವ ಮತ್ತು ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ಏಕೆಂದರೆ ನಾಲ್ಕು ದಿನ ಬಿ12 ನುಂಗಿದ ಮೇಲೆ ರಕ್ತದಲ್ಲಿ ಅದರ ಪ್ರಮಾಣ ಏರಿ ನಿಜಸ್ಥಿತಿ ಮರೆಯಾಗುತ್ತದೆ.

ವರದಿಯಲ್ಲಿ ಬಿ12 ಸಾಕಷ್ಟಿದ್ದರೆ ದಿನಕ್ಕೆ 50ರಿಂದ 100 ಮೈಕ್ರೋಗ್ರಾಂ, ಇಲ್ಲವೆ ವಾರಕ್ಕೆ 2,000 ಮೈಕ್ರೋಗ್ರಾಂ ಜೀವನಪೂರ್ತಿ ಬೇಕು. ಅಗತ್ಯಕ್ಕಿಂತ ಇಷ್ಟು ಹೆಚ್ಚೇಕೆಂದರೆ ಮಾತ್ರೆಯಿಂದ ಒಂದು ಸಲಕ್ಕೆ ಹೀರಿಕೆಯಾಗುವುದು ಬಹಳ ಸಣ್ಣ ಪಾಲು. ಕಡಿಮೆ ಬಂದಿದ್ದರೆ ಹೆಚ್ಚಿನ ಪ್ರಮಾಣದ ಮಾತ್ರೆಯೋ ಚುಚ್ಚುಮದ್ದೋ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ಮಾತ್ರೆಗಳಲ್ಲಿರುವ ಬಿ12ನ್ನು ಬ್ಯಾಕ್ಟೀರಿಯಾಗಳಿಂದಲೇ ತಯಾರಿಸುವುದರಿಂದ ನಿಮ್ಮ ಸಂಕಲ್ಪಕ್ಕೆ ಧಕ್ಕೆಯಿಲ್ಲ. ಕ್ಯಾಪ್ಸೂಲಿನ ಹೊರಕವಚ ಜೆಲಾಟಿನ್‌ನದಾಗಿರಬಹುದು, ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಬದಲಿ ಸಿಕ್ಕರೆ ತೆಗೆದುಕೊಳ್ಳಿ, ಸಿಗದಿದ್ದರೆ ಅಗತ್ಯವಾದ ಔಷಧಿಯನ್ನು ಅದೊಂದೇ ಕಾರಣಕ್ಕೆ ನಿರಾಕರಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅಂಗಡಿ ಮತ್ತು ಹೋಟೆಲಿನ ವಿಷಯ ಆರೋಗ್ಯಕ್ಕಿಂತ ನಿಮ್ಮ ನಿಯಮಕ್ಕೆ ಸೇರಿದ್ದು, ಆದರೂ ಹೇಳುತ್ತೇನೆ. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಅದು ವೀಗನ್ ಅಲ್ಲ. ಹಾಲು, ಜೇನು, ಜೇನುಮೇಣ, ಅರಗು ಇರುವ ಪದಾರ್ಥಗಳಿಗೂ ಅದೇ ಚುಕ್ಕೆ. ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಗಳು 2022ರಲ್ಲಿ ಬಂದಿವೆ, ಹಸಿರು ಬಣ್ಣದ ವಿ ಅಕ್ಷರದ ಬೇರೆ ಗುರುತೂ ಇದೆ. ಆ ಗುರುತಿಲ್ಲದಿದ್ದರೆ ಪೊಟ್ಟಣದ ಹಿಂದೆ ಅಲರ್ಜಿ ಸೂಚನೆಯ ಸಾಲನ್ನು ಓದಿ, ಹಾಲಿನ ಅಂಶವಿದ್ದರೆ ಅಲ್ಲಿ ತಿಳಿಸಿರಬೇಕು. ನೀವು ಟೀ ಜೊತೆ ತಿನ್ನುತ್ತಿರುವ ಬಿಸ್ಕತ್ತಿನಲ್ಲಿ ಹಾಲಿನ ಪುಡಿ ಇರುವ ಸಾಧ್ಯತೆಯೇ ಹೆಚ್ಚು. ಹೋಟೆಲಿನಲ್ಲಿ ರವೆ ಇಡ್ಲಿಗೆ ಮೊಸರು, ಪೊಂಗಲ್ ಮತ್ತು ಕೇಸರಿಬಾತಿಗೆ ತುಪ್ಪ ಬಿದ್ದಿರುತ್ತದೆ; ತುಮಕೂರಿನ ಕಡೆ ಹೋದಾಗ ಕ್ಯಾತಸಂದ್ರದ ತಟ್ಟೆ ಇಡ್ಲಿಯನ್ನು ಬೆಣ್ಣೆ ಬೇಡವೆಂದು ಹೇಳಿ ತಿನ್ನಬಹುದು. ತುಪ್ಪ ಹಾಕಿಲ್ಲ ಎಂದು ಹೇಳಿ ಮಾರುವ ಬೇಕರಿ ಸಿಹಿಗಳಲ್ಲಿ ಅನೇಕ ಸಲ ಡಾಲ್ಡಾ ಇರುತ್ತದೆ. ಅದರ ಟ್ರಾನ್ಸ್ ಕೊಬ್ಬನ್ನು 2022ರಿಂದ ಶೇ 2ಕ್ಕೆ ಮಿತಿಗೊಳಿಸಲಾಗಿದೆಯಾದರೂ ಅದು ದಿನನಿತ್ಯದ ತಿಂಡಿಯಾಗುವಂಥದ್ದಲ್ಲ.

ಹಾಲಿನ ಬದಲಿಗೆ ಏನು ಕುಡಿಯಬೇಕೆಂದು ನೀವು ಕೇಳಿಲ್ಲ, ಮುಂದೆ ಕೇಳುತ್ತೀರಿ. ತಿಪಟೂರಿನ ಕಡೆಯವರು ತೆಂಗಿನಹಾಲು ಆಗದೇ ಎನ್ನುತ್ತಾರೆ. ಪಾಯಸಕ್ಕೆ, ಸಾಗುವಿಗೆ ಬಹಳ ಚೆನ್ನ. ಆದರೆ ಅದರಲ್ಲಿ ಪ್ರೋಟೀನೂ ಕ್ಯಾಲ್ಸಿಯಮ್ಮೂ ನಾಮಮಾತ್ರ, ಇರುವುದು ಸ್ಯಾಚುರೇಟೆಡ್ ಕೊಬ್ಬು, ಆದ್ದರಿಂದ ದಿನವೂ ಲೋಟಗಟ್ಟಲೆ ಕುಡಿಯುವುದು ಬೇಡ. ಅಂಗಡಿಯ ಬಾದಾಮಿ ಹಾಲು ಬಹುಪಾಲು ನೀರು, ಬೆಲೆ ಮಾತ್ರ ಬಾದಾಮಿಯದು. ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಇವುಗಳಲ್ಲಿ ಹಸುವಿನ ಹಾಲಿಗೆ ಹತ್ತಿರದ್ದು. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುವುದರಿಂದ ಚೆನ್ನಾಗಿ ಕುಲುಕಿ ಕುಡಿಯಬೇಕು. ಮನೆಯಲ್ಲೇ ಮಾಡಿದರೆ ಕಾಲು ಗಂಟೆಯಾದರೂ ಕುದಿಸಿ.

ಕೊನೆಯದಾಗಿ ಮಗುವಿನ ವಿಚಾರ. ಒಂದು ದಾರಿ, ಹೆರಿಗೆಯಾಗಿ ಎದೆಹಾಲು ಬಿಡಿಸುವವರೆಗೆ ಮಾತ್ರ ಹಾಲು-ಮೊಸರಿಗೆ ಮರಳುವುದು. ಇದರಿಂದ ಕ್ಯಾಲ್ಸಿಯಂ, ಪ್ರೋಟೀನುಗಳ ಚಿಂತೆ ಕಡಿಮೆಯಾಗುತ್ತದೆ. ಕಬ್ಬಿಣದ ಕೊರತೆ ಹಾಗೆಯೇ ಇರುತ್ತದೆ, ಬಿ12 ಕೂಡ ಹಾಲಿನಿಂದಷ್ಟೇ ತುಂಬುತ್ತದೆಂಬ ಖಾತರಿಯಿಲ್ಲ. ಇನ್ನೊಂದು ದಾರಿ, ಪೂರ್ತಿ ವೀಗನ್ ಆಗಿಯೇ ಮುಂದುವರಿದು ಮಾತ್ರೆ, ಪರೀಕ್ಷೆಗಳನ್ನು ಒಂದು ದಿನವೂ ಅಲಕ್ಷಿಸದಿರುವುದು. ಇದು ಸಾಧ್ಯವಿರುವ ದಾರಿಯೇ, ಆದರೆ ಇಲ್ಲಿ ಮರೆವಿಗೆ ಬೆಲೆ ತೆರುವುದು ಮಗು: ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ, ಅಂಥ ಶಿಶುಗಳು ಮಂಕಾಗಿ, ಕಲಿತದ್ದನ್ನು ಮರೆತು, ಕೈಕಾಲು ನಡುಗಿಸುವ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುವುದನ್ನು ನಮ್ಮ ದೇಶದ ಮಕ್ಕಳ ವೈದ್ಯರು ಚೆನ್ನಾಗಿ ಬಲ್ಲರು. ಎರಡರ ನಡುವೆ ಮನೆಯಲ್ಲಿ ವೀಗನ್, ನೆಂಟರ ಮನೆಯಲ್ಲಿ ಮೊಸರನ್ನ ಎಂಬ ದಾರಿಯನ್ನು ಹಿಡಿಯುವವರೂ ಇದ್ದಾರೆ. ಅಲ್ಲಿ ಅಪಾಯವೆಂದರೆ ಆಗೀಗ ಹಾಲು ಸಿಗುತ್ತಿದೆಯಲ್ಲ ಎಂದು ಮಾತ್ರೆ ಬಿಡುವುದು.

ನಿಮ್ಮ ನಿಶ್ಚಯ ಗಟ್ಟಿಯಿರುವಂತೆ ಕಾಣುವುದರಿಂದ ನಾನು ಎರಡನೆಯದನ್ನು ಬೇಡವೆನ್ನುವುದಿಲ್ಲ, ಒಂದು ಷರತ್ತಿನ ಮೇಲೆ. ರಕ್ತ ಪರೀಕ್ಷೆಗಳನ್ನು ಈ ವಾರವೇ ಮಾಡಿಸಿ, ವರದಿಯೊಂದಿಗೆ ಸ್ತ್ರೀರೋಗ ತಜ್ಞರನ್ನು ಕಂಡು, ವೀಗನ್ ಆಗಿರುವುದನ್ನು ಮುಚ್ಚಿಡದೆ ಹೇಳಿ. ಹಿಮೋಗ್ಲೋಬಿನ್ 12ರ ಹತ್ತಿರ ಬಂದು, ಬಿ12 ಮತ್ತು ಟಿಎಸ್‌ಎಚ್ ಹತೋಟಿಗೆ ಬರುವವರೆಗೆ, ಅಂದರೆ ಸುಮಾರು ಮೂರು ನಾಲ್ಕು ತಿಂಗಳು, ಗರ್ಭಧಾರಣೆಯನ್ನು ಮುಂದೂಡಿ. ಫೋಲಿಕ್ ಆಮ್ಲವನ್ನು ಬಿ12 ಜೊತೆಯಲ್ಲೇ ಆರಂಭಿಸಿ. ಗರ್ಭ ನಿಂತದ್ದು ತಿಳಿದ ಕೂಡಲೇ ಥೈರಾಯ್ಡ್ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು, ಹೆಚ್ಚಿನವರಿಗೆ ಆಗ ಮಾತ್ರೆಯ ಪ್ರಮಾಣವನ್ನು ಏರಿಸಬೇಕಾಗುತ್ತದೆ. ಪಾದದಲ್ಲಿ ಜೋಮು, ನಡೆಯುವಾಗ ಓಲಾಟ, ಮೆಟ್ಟಿಲು ಹತ್ತುವಾಗ ಎದೆ ಡವಗುಟ್ಟುವುದು ಇವುಗಳಲ್ಲಿ ಯಾವುದಾದರೂ ಈಗಾಗಲೇ ಇದ್ದರೆ ವರದಿಗಾಗಿ ಕಾಯದೆ ವೈದ್ಯರ ಬಳಿ ಹೋಗಿ. ಸಾಧ್ಯವಾದರೆ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ವೈದ್ಯರು ಹೇಳುವುದನ್ನು ಅವರೇ ಕೇಳಿಸಿಕೊಂಡರೆ, ಹುರುಳಿ ನೆನೆಸುವ, ರಾಗಿ ಮೊಳಕೆ ಕಟ್ಟುವ ಕೆಲಸಕ್ಕೆ ಮನೆಯಲ್ಲಿ ಅನುಭವಸ್ಥರ ನೆರವೂ ನಿಮಗೆ ಸಿಗುತ್ತದೆ.